ಎಂಟೂ ಹಸಿರು

ಶಿಕಾರಿಪುರದಲ್ಲಿ ನನ್ನದು ಮೋಟಾರ್ ರಿಪೇರಿ, ಮನೆ ವೈರಿಂಗಿನ ಕೆಲಸ. ಕಂಪ್ಯೂಟರಿಗೆ ತಂತಿ ಎಳೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಸೊರಬದಲ್ಲಿ, ಅದೇ ಮೊದಲು. "ಬಲ್ಲೆ ಅಂದವನಿಗೆ ಕೂಲಿ, ಅರಿಯೆ ಅಂದವನಿಗೆ ಜಗಲಿ" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಹಾಗಾಗಿ ಯಾರು ಏನು ಕೇಳಿದರೂ ಬಲ್ಲೆ ಅಂದುಬಿಡುತ್ತಿದ್ದೆ.

ಕರೆಸಿದವರು ಒಬ್ಬ ಟೀಚರ್. ಮನೆಗೆ ಅಂಟಿದ ಹಳೇ ಭತ್ತದ ಗೋದಾಮಿಗೆ ಸುಣ್ಣ ಹೊಡೆಸಿ ಕಂಪ್ಯೂಟರ್ ತರಗತಿ ತೆರೆದಿದ್ದರು. ಇಪ್ಪತ್ತೆರಡು ಹೆಣ್ಣುಮಕ್ಕಳು ಸೇರಿದ್ದರು. ಕ್ಯಾಸನೂರಿನ ಕಡೆಯಿಂದ ಬಸ್ಸಿಗೆ ಬರುವವರೂ ಇದ್ದರು. ಸೋಮವಾರ ಹನ್ನೊಂದಕ್ಕೆ ಮಾನ್ಯತೆ ಕೊಡುವವರ ತನಿಖೆ. ಎಂಟು ಕಂಪ್ಯೂಟರೂ ತಂತಿಯ ಮೂಲಕ ಒಂದರೊಡನೊಂದು ಮಾತಾಡಬೇಕು. ಒಂದು ಮೂಕವಾದರೂ ಮಾನ್ಯತೆ ಇಲ್ಲ, ಮಾನ್ಯತೆ ಇಲ್ಲದಿದ್ದರೆ ಆ ಮಕ್ಕಳಿಗೆ ಆ ವರ್ಷ ಪರೀಕ್ಷೆಯೂ ಇಲ್ಲ.

ಭಾನುವಾರ ಬೆಳಿಗ್ಗೆ ಕರೆಂಟಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಟಾರ್ಚಿನ ಸೆಲ್ಲು, ಕೆಟ್ಟ ರೇಡಿಯೋದಿಂದ ಕಿತ್ತ ಪುಟ್ಟ ದೀಪಗಳು ಸೇರಿಸಿ ನಾನೇ ಒಂದು ಪರೀಕ್ಷೆ ಡಬ್ಬಿ ಮಾಡಿಕೊಂಡಿದ್ದೆ. ಹಸಿರು ಹತ್ತಿದರೆ ತಂತಿ ಸರಿ. ಕೆಂಪು ಹತ್ತಿದರೆ ಒಳಗಿನ ಎರಡು ಎಳೆ ಅದಲುಬದಲು. ಏನೂ ಹತ್ತದಿದ್ದರೆ ಎಳೆ ಕಡಿದಿದೆ. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಟೀಚರ ಮಾವ. ಎಪ್ಪತ್ತು ದಾಟಿದ ರೈತರು, ಮಡಿಲಲ್ಲಿ ಸದಾ ಪುಂಡಿ ನಾರು, ಕೂತಲ್ಲೇ ಹಗ್ಗ ಹೊಸೆಯುವವರು.

"ಏನ್ ಹತ್ತಿತು ಯಜಮಾನ್ರೇ?"

"ಹಸಿರು!"

"ಈಗ?"

"ಹಸಿರೇ ಮಾರಾಯ. ನಿನ್ ಮೋರೆಗಿಂತ ಚೆನಾಗ್ ಹೊಳೀತೈತಿ."

ಒಂದೇ ಒಂದು ಕಡೆ ಕೆಂಪು ಹತ್ತಿತು. ಆ ತುದಿಯ ಪ್ಲಗ್ಗು ಕತ್ತರಿಸಿ ಬೇರೆ ಹಾಕಿದೆ. ಕೊನೆಗೆ ಎಂಟು ತಂತಿಯೂ ಹಸಿರು. "ನೂರಕ್ಕೆ ನೂರು ಟೀಚರೇ" ಅಂದೆ. ಅವರು ಅಡುಗೆ ಮನೆಗೆ ಹೋಗಿ ನನಗೂ ಒಂದು ಎಲೆ ಹಾಕಿದರು.

ಎರಡು ಗಂಟೆಗೆ ಕರೆಂಟು ಬಂತು. ತಂತಿಗಳೆಲ್ಲ ಬಂದು ಸೇರುವ ಹಬ್ ಡಬ್ಬಿ ಬಾಗಿಲ ಹತ್ತಿರವಿತ್ತು. ಅದರ ಸುತ್ತಲಿನ ಐದು ಕಂಪ್ಯೂಟರ್ ಮಾತಾಡಿದವು. ಗೋದಾಮಿನ ಆ ಕೊನೆಯ ಮೂರು ಒಮ್ಮೆ ಬದುಕುತ್ತವೆ, ಒಮ್ಮೆ ಸಾಯುತ್ತವೆ. ಮತ್ತೆ ಪರೀಕ್ಷೆ ಡಬ್ಬಿ ಹಿಡಿದೆ: ಹಸಿರು. ಕಂಪ್ಯೂಟರುಗಳನ್ನೇ ಅದಲುಬದಲು ಮಾಡಿ ನೋಡಿದೆ. ಆ ಮೂಲೆಗೆ ಹೋದದ್ದೆಲ್ಲ ಮೂಕ. ಮತ್ತೆ ಡಬ್ಬಿ: ಹಸಿರು. ನನ್ನ ಕೈಯಾರೆ ಮಾಡಿದ ಡಬ್ಬಿಯೇ ನನ್ನನ್ನು ಅಣಕಿಸುತ್ತಿತ್ತು. ಐದಕ್ಕೆ ಮತ್ತೆ ಕರೆಂಟು ಹೋಗುತ್ತದೆ. ಅಂಗಿ ಬೆನ್ನಿಗೆ ಅಂಟಿತ್ತು.

ಟೀಚರ್ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ಬೆಳಿಗ್ಗೆ ನೂರಕ್ಕೆ ನೂರು ಅಂದಿರಲ್ರೀ. ಆ ಹೆಣ್ಮಕ್ಕಳಿಗೆ ನಾನು ಏನಂತ ಹೇಳ್ಲಿ?" ಅಂದರು. ಎದ್ದು ಬಸ್ಸು ಹತ್ತಿಬಿಡೋಣ ಅನ್ನಿಸಿದ್ದು ನಿಜ.

ಯಜಮಾನರು ಕೆಳಗೆ ಬಿದ್ದ ತಂತಿಯ ತುಂಡೊಂದನ್ನು ಬಿಡಿಸುತ್ತ ಕೂತಿದ್ದರು. "ಅಲ್ಲ ಮಾರಾಯ, ಎಂಟೆಳೇನ ಎರಡೆರಡು ಮಾಡಿ ಹೊಸೆದಾರಲ್ಲ, ಎಂತಕ್ಕೆ?"

"ಕಾರ್ಖಾನೇಲಿ ಹಂಗೇ ಬರ್ತದೆ."

"ಸುಮ್ಮನೆ ಯಾರ್ ಹೊಸೀತಾರೋ? ಕೈ ನೋಯಲ್ಲೇನು?"

ನಾನು ಜೇಬು ತಡಕಿದೆ. ಶಿವಮೊಗ್ಗದ ಅಂಗಡಿಯವನು ಒಂದು ಚೀಟಿ ಕೊಟ್ಟಿದ್ದ, ಬಣ್ಣಗಳ ಕ್ರಮ ಬರೆದದ್ದು. ಅದರಲ್ಲಿ ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಬಂದು ಕೂತಿತ್ತು. ಗಂಡ ಹೆಂಡಿರ ನಡುವೆ ನೆಂಟರು ಕೂತ ಹಾಗೆ! ಅಚ್ಚಿನ ತಪ್ಪು ಅಂದುಕೊಂಡು ನಾನೇ ತಿದ್ದಿದ್ದೆ. ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ, ಎರಡೂ ತುದಿಗೂ. ಈಗ ಆ ಚೀಟಿ ತೆಗೆದು ಪೂರ್ತಿ ಓದಿದೆ. ಮೂರನೇ ಮತ್ತು ಆರನೇ ಎಳೆ ಕೂಡಿ ಕೆಲಸ ಮಾಡುತ್ತವೆ. ಅವೆರಡೂ ಒಟ್ಟಿಗೆ ಹೊಸೆದವೇ ಆಗಬೇಕು, ಇಲ್ಲದಿದ್ದರೆ ಪಕ್ಕದ ಎಳೆಯ ಗದ್ದಲ ಇದರೊಳಗೆ ಸೇರುತ್ತದೆ. ನಾನು ಹಾಕಿದ ಕ್ರಮದಲ್ಲಿ ಒಂದು ಹಸಿರಿಂದ, ಒಂದು ನೀಲಿಯಿಂದ ಬಂದಿತ್ತು. ಪ್ರತಿ ಎಳೆಯೂ ಹೊರಟಲ್ಲಿಂದ ಸೇರಬೇಕಾದಲ್ಲಿಗೇ ಸೇರಿದೆ, ಅದಕ್ಕೇ ಡಬ್ಬಿ ಹಸಿರು. ಹತ್ತಿರದ ತಂತಿ ಹೇಗೋ ತಾಳಿಕೊಂಡಿತ್ತು, ದೂರದ್ದು ತಾಳಲಿಲ್ಲ.

ಟೀಚರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು, "ಪ್ಲಗ್ಗು ಎಷ್ಟಿವೆ?" ಅಂದರು.

ಆರಿದ್ದವು. ಮೂರು ತಂತಿಗೆ ಆರು ತುದಿ. ಒಮ್ಮೆ ಒತ್ತಿದ ಪ್ಲಗ್ಗು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿದೆ, ಸೋಮವಾರ ಶಿವಮೊಗ್ಗಕ್ಕೆ ಹೋಗಿ ಹನ್ನೊಂದರೊಳಗೆ ಬರಲಾಗದು. ನಾಲ್ಕು ಸರಿಯಾಗಿ ಕೂತವು, ಎರಡು ಕಂಪ್ಯೂಟರ್ ಬದುಕಿದವು. ಐದನೆಯದನ್ನು ಮೂರನೇ ತಂತಿಯ ದೂರದ ತುದಿಗೆ ಒತ್ತುವಾಗ ಎಳೆ ಜಾರಿತು. ಆ ಪ್ಲಗ್ಗೂ ಹಾಳು.

ಉಳಿದದ್ದು ಒಂದೇ. ಒಂದರಿಂದ ಎರಡು ತುದಿ ಆಗುವುದಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟೆ. ಎದುರಿಗೆ ಬಾಗಿಲ ಬಳಿಯ ಐದೂ ತಪ್ಪು ತಂತಿಯಲ್ಲೇ ಮಾತಾಡುತ್ತಿದ್ದವು. ಅವನ್ನೇ ನೋಡುತ್ತ ನೋಡುತ್ತ ದಾರಿ ಹೊಳೆಯಿತು: ಗಿಡ್ಡ ತಂತಿಯಾದರೆ ತಪ್ಪಿದ್ದರೂ ತಾಳುತ್ತದೆ. ಮೂರನೇ ತಂತಿಯನ್ನು ಹಬ್ಬಿನಿಂದ ನಾಲ್ಕು ಮಾರು ಬಿಟ್ಟು ಕತ್ತರಿಸಿದೆ. ಹಬ್ಬಿನ ತುದಿಯಲ್ಲಿ ಹಳೇ ಪ್ಲಗ್ಗೇ ಇತ್ತು, ತಪ್ಪು ಕ್ರಮದ್ದು. ಅದಕ್ಕೆ ಹೊಂದಬೇಕಾದರೆ ಕೊನೆಯ ಪ್ಲಗ್ಗನ್ನೂ ಬೇಕೆಂದೇ ಅದೇ ತಪ್ಪು ಕ್ರಮದಲ್ಲಿ ಒತ್ತಬೇಕು. ಎಳೆಗಳನ್ನು ಎರಡೆರಡು ಸಲ ಎಣಿಸಿ ಒತ್ತಿದೆ. ಡಬ್ಬಿ ಹಸಿರು ತೋರಿಸಿತು, ನಾನು ನಂಬಲಿಲ್ಲ. ಮೂವರೂ ಸೇರಿ ಎಂಟನೇ ಕಂಪ್ಯೂಟರಿನ ಮೇಜನ್ನು ಬಾಗಿಲ ಬಳಿಗೆ ಹೊತ್ತು ತಂದೆವು. ಅಷ್ಟರಲ್ಲಿ ಕರೆಂಟು ಹೋಯಿತು.

ಸೋಮವಾರ ತನಿಖೆಯವರೂ ಕರೆಂಟೂ ಒಟ್ಟಿಗೇ ಬಂದರು. ಹೊರಗೆ ಜಗಲಿಯಲ್ಲಿ ಹುಡುಗಿಯರು ಬಾಗಿಲಲ್ಲಿ ಇಣುಕುತ್ತ ನಿಂತಿದ್ದರು. ಬಂದ ಸಾಹೇಬರು ಒಂದೊಂದಾಗಿ ನೋಡುತ್ತ ಬಂದು ಎಂಟನೆಯದರ ಮುಂದೆ ನಿಂತರು. "ಇದೊಂದು ಯಾಕ್ರೀ ದಾರಿಗಡ್ಡ ಇಟ್ಟಿದೀರಿ?"

ಯಜಮಾನರು ನಾರು ಬದಿಗಿಟ್ಟು, "ಹೊಸಾದು ಸ್ವಾಮಿ, ಇನ್ನೂ ಹಟ್ಟಿಗೆ ಒಗ್ಗಿಲ್ಲ. ಕಣ್ಣೆದುರಿಗೇ ಕಟ್ಟೀವಿ" ಅಂದರು. ಸಾಹೇಬರು ನಕ್ಕರು, ಗುಂಡಿ ಒತ್ತಿದರು. ಅದು ಮಾತಾಡಿತು. ಸಹಿ ಬಿತ್ತು. ಟೀಚರ್ ಜಗಲಿಗೆ ಹೋದರು. ಹುಡುಗಿಯರ ಕೂಗಿನ ನಡುವೆ ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ.

ಆ ವಾರವೇ ಪ್ಲಗ್ಗಿನ ಪೊಟ್ಟಣ, ಹೊಸ ತಂತಿ ಹಿಡಿದು ಸೊರಬಕ್ಕೆ ಮತ್ತೆ ಹೋದೆ. ಬಾಗಿಲ ಬಳಿಯ ತಂತಿಗಳನ್ನೂ ಬಿಚ್ಚತೊಡಗಿದ್ದು ಕಂಡು ಟೀಚರ್ ಗಾಬರಿಯಾದರು. "ಅವು ಸರಿ ಇದ್ದವಲ್ರೀ?"

"ಸರಿ ಇರಲಿಲ್ಲ ಟೀಚರೇ. ಹತ್ತಿರ ಇದ್ದವು, ಅಷ್ಟೇ."

"ಹಾಗಾದ್ರೆ ಬಿಚ್ಚಿ" ಅಂದು ಅವರು ಪಾಠಕ್ಕೆ ಹೋದರು.