ಹನ್ನೆರಡು ಫೋನ್, ಐದು ಜನ

ಭೇರ್ಯದ ನಮ್ಮ ಬೀದಿಯಲ್ಲಿ ಎಂಟು ಮಂದಿ ಇದ್ದಾರೆ. ಆ ಎಂಟೂ ಮಂದಿ ಸೇರಿ ಒಬ್ಬರೇ ವ್ಯಕ್ತಿ. ನಾನು ಹೇಳುತ್ತಿರುವುದಲ್ಲ, ಕಂಪ್ಯೂಟರ್ ಹೇಳುತ್ತಿದೆ.

ನಗಬೇಡಿ. ನನ್ನ ಚಿಕ್ಕಪ್ಪನ ಮಗಳು ಕಾವ್ಯಳಿಗೆ ಸಿಗಬೇಕಿದ್ದ ಕೆಲಸ ತಪ್ಪಿದ್ದು ಇದರಿಂದಲೇ.

ಕಾವ್ಯ ಡಿಗ್ರಿ ಮುಗಿಸಿ ಹುಣಸೂರಿನ ತರಬೇತಿ ಕೇಂದ್ರವೊಂದರಲ್ಲಿ ಮೊಬೈಲ್ ಗೇಮ್ ಮಾಡುವುದನ್ನು ಕಲಿಯುತ್ತಿದ್ದಳು. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಅದೇ ಕೇಂದ್ರದಲ್ಲಿ ಒಂದು ಟ್ರೇನರ್ ಹುದ್ದೆ ಖಾಲಿ ಇತ್ತು. ಷರತ್ತು ಇಷ್ಟೇ: ಕೋರ್ಸ್ ಮುಗಿಯುವುದರೊಳಗೆ ಅಭ್ಯರ್ಥಿಯ ಗೇಮ್ ಆ್ಯಪ್ ಸ್ಟೋರಿನಲ್ಲಿ ಬಿಡುಗಡೆಯಾಗಿರಬೇಕು. ಆಗದಿದ್ದರೆ? ಗಾರ್ಮೆಂಟ್ಸ್ ವ್ಯಾನ್ ಹೇಗೂ ನಮ್ಮ ಬೀದಿಗೇ ಬರುತ್ತದೆ ಎಂದು ಚಿಕ್ಕಪ್ಪ ಹೇಳಿಯಾಗಿತ್ತು.

ಅವಳು ಆರಿಸಿಕೊಂಡದ್ದು ಅಳಗುಳಿ ಮಣೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಫೋನಿನ ಅಳತೆಗೆ ಚಿತ್ರ ಬರೆದು ಅಜ್ಜಿಯ ಮುಂದೆ ಹರಡಿದಳು. (ಪ್ರೋಟೋಟೈಪ್ ಅಂದರೆ ಇದೇ ಅಂತೆ. ನಾನು ಏನೋ ದೊಡ್ಡ ಯಂತ್ರ ಅಂದುಕೊಂಡಿದ್ದೆ.) ಅಜ್ಜಿ ಬೆರಳಿಟ್ಟ ಹಾಗೆಲ್ಲ ಇವಳು ಕಾಗದ ಬದಲಿಸಬೇಕು. ಅಜ್ಜಿ ಸುಮ್ಮನೆ ಬೆರಳಿಡಲಿಲ್ಲ. "ಒತ್ತುದ್ರೆ ಕಾಳು ಕೈಗ್ ಬತ್ತದೇನವ್ವ? ಬಾಚ್ಬೇಕು ಕಣ" ಅಂದರು. ಕಾವ್ಯ ಅಷ್ಟೂ ಹಾಳೆ ಹರಿದುಹಾಕಿ, ಬಾಚುವ ಹಾಗೆ ಹೊಸದಾಗಿ ಡಿಸೈನ್ ಮಾಡಿದಳು. ಆಟ ಎಷ್ಟು ಚೆನ್ನಾಗಿ ಬಂತೆಂದರೆ, ಯಾವುದನ್ನೂ ಸುಲಭಕ್ಕೆ ಹೊಗಳದ ನಾನೂ ಸತತ ಮೂರು ಸಲ ಸೋತು ಮತ್ತೆ ಆಡಿದೆ.

ಆದರೆ ಮಾಡಿದ ಮಾತ್ರಕ್ಕೆ ಬಿಡುಗಡೆ ಆಗುವುದಿಲ್ಲ. ಹೊಸಬರ ಗೇಮನ್ನು ಮೊದಲು ಹನ್ನೆರಡು ಜನ ಟೆಸ್ಟರ್‌ಗಳು ಬಿಡದೆ ಹದಿನಾಲ್ಕು ದಿನ ತಮ್ಮ ಫೋನಿನಲ್ಲಿ ಇಟ್ಟುಕೊಂಡಿರಬೇಕು. ಆಮೇಲಷ್ಟೇ ಬಿಡುಗಡೆಗೆ ಅರ್ಜಿ.

ಜನರನ್ನು ನನಗೆ ಬಿಡು ಎಂದೆ. ಕಾಲೇಜಿನ ಡಿಬೇಟ್‌ಗಳಲ್ಲಿ ನಾಲ್ಕು ಕಪ್ ಎತ್ತಿದವನಿಗೆ ಹನ್ನೆರಡು ಜನ ಯಾವ ಲೆಕ್ಕ?

ಅರ್ಧ ದಿನ ಬೀದಿ ಸುತ್ತಿದೆ. ಇದರಿಂದ ಕರೆಂಟ್ ಬಿಲ್ ಜಾಸ್ತಿ ಬರುತ್ತದಾ ಎಂದು ಕೇಳಿದ ಪುಟ್ಟಮ್ಮತ್ತೆಗೂ ತಾಳ್ಮೆಯಿಂದ ಉತ್ತರಿಸಿದೆ. ಒಂದೊಂದೇ ಫೋನ್ ತೆಗೆದುಕೊಂಡು ಕಾವ್ಯ ಕೊಟ್ಟ ಲಿಂಕ್ ಒತ್ತಿದೆ, ಗೇಮ್ ಹಾಕಿಕೊಟ್ಟೆ. ಕೆಲವು ಫೋನ್ ಆದ ಮೇಲೆ ಇನ್ನೂ ಸಲೀಸಾಯಿತು. ಲಿಂಕ್ ತೆರೆದರೆ ಸಾಕು, 'ನೀವು ಈಗಾಗಲೇ ಟೆಸ್ಟರ್ ಆಗಿದ್ದೀರಿ' ಎಂದು ತಾನೇ ತೋರಿಸುತ್ತಿತ್ತು. ಟೆಕ್ನಾಲಜಿ ಎಷ್ಟು ಫಾಸ್ಟ್ ಆಗಿದೆ ನೋಡಿ ಎಂದುಕೊಂಡೆ. (ಎಲ್ಲದಕ್ಕೂ ಸಾಕ್ಷಿ ಕೇಳುವ ನಾನು!)

ಮೂರನೇ ದಿನ ಕಾವ್ಯ ಬಂದಳು. "ಅಣ್ಣ, ಟೆಸ್ಟರ್ ಐದೇ ಜನ ತೋರಿಸ್ತಾ ಅದೆ ಕಣೋ. ಇನ್ನೊಂದ್ಸಲ ಎಲ್ಲಾರ್ ಮನೆಗೂ ಹೋಗ್ಬರನ?"

ಹೋಗಿ ಬರುವುದು ಒಂದು ಗಂಟೆಯ ಕೆಲಸ. ನಾನು ಬದಲಿಗೆ ವಾದ ಹೂಡಿದೆ. ಲೆಕ್ಕ ಅಪ್‌ಡೇಟ್ ಆಗಲು ಸಮಯ ಬೇಕು ಎಂದೆ. ಹನ್ನೆರಡೂ ಫೋನ್ ನನ್ನ ಕೈಯಲ್ಲೇ ಹಿಡಿದಿದ್ದೇನೆ, ಸಂಶಯಕ್ಕೆ ಆಧಾರ ಏನು ಎಂದೆ. ಮತ್ತೆ ಮತ್ತೆ ಹೋದರೆ ಜನ ಬೇಸತ್ತು ಗೇಮನ್ನೇ ತೆಗೆದುಹಾಕುತ್ತಾರೆ ಎಂದೂ ಸೇರಿಸಿದೆ. ಅವಳು ಸುಮ್ಮನಾದಳು. ಎದುರಾಳಿ ಸುಮ್ಮನಾದರೆ ಡಿಬೇಟ್‌ನಲ್ಲಿ ಅದನ್ನು ಗೆಲುವು ಎನ್ನುತ್ತಾರೆ.

ಹದಿನಾಲ್ಕನೇ ದಿನವೂ ಐದೇ.

ಆಗ ಫೋನ್‌ಗಳನ್ನು ತೆರೆದು ನೋಡಿದೆವು. ಎಂಟು ಫೋನಿನಲ್ಲಿ ಒಂದೇ ಇಮೇಲ್ ವಿಳಾಸ. ಸ್ಟೋರಿನ ಲೆಕ್ಕದಲ್ಲಿ ಒಂದು ಇಮೇಲ್ ಅಂದರೆ ಒಬ್ಬ ಟೆಸ್ಟರ್. ಎಂಟನ್ನೂ ಕೊಂಡದ್ದು ಕೆ.ಆರ್. ನಗರದ ಒಂದೇ ಅಂಗಡಿಯಲ್ಲಿ. ಅಲ್ಲಿಗೆ ಹೋಗಿ ಕೇಳಿದರೆ ಅಂಗಡಿಯವರಿಗೆ ಮುಜುಗರವೇ ಇಲ್ಲ. "ಪಾಸ್‌ವರ್ಡ್ ಕೊಟ್ರೆ ಯಾರ್ ನೆಪ್ಪಿಟ್ಕೋತಾರೆ ಏಳಿ? ಅದ್ಕೇ ಎಲ್ಲಾರ್ಗೂ ನನ್ ಐಡೀನೇ ಆಕ್ಕೊಡ್ತೀನಿ. ಇವತ್ತಿನ್ ಗಂಟ ಒಬ್ರೂ ಬ್ಯಾಡ ಅಂದಿಲ್ಲ ಕಣ್ರೀ" ಎಂದರು.

ನಿಜ. ಯಾರೂ ಬೇಡ ಅಂದಿಲ್ಲ. ಹಳ್ಳಿ ಹಳ್ಳಿಗೂ ಸ್ಮಾರ್ಟ್‌ಫೋನ್ ಬಂತು ಎಂದು ಭಾಷಣ ಮಾಡುವವರನ್ನು ಒಂದು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ: ಫೋನ್ ಬಂತು ಸರಿ, ಅದರೊಳಗೆ ನಮ್ಮ ಹೆಸರು ಬಂತೇ? ಪುಟ್ಟಮ್ಮತ್ತೆ ತಮ್ಮ ಫೋನಿನಲ್ಲೇ ಇಲ್ಲ. ಮೊಮ್ಮಗನ ಫೋಟೊ ಅವರದು, ಖಾತೆ ಅಂಗಡಿಯವರದು. ಇದು ತಪ್ಪು ಎಂದು ನಾನು ಬೀದಿಯಲ್ಲಿ ನಿಂತು ವಿವರಿಸಿದರೆ, ಇಷ್ಟು ವರ್ಷ ಫೋನ್ ನಡೆಯಿತಲ್ಲ ಎನ್ನುತ್ತಾರೆ.

ಕೋರ್ಸ್ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಟೆಸ್ಟಿಂಗ್ ಮೊದಲಿನಿಂದ ಹದಿನಾಲ್ಕು ದಿನ ನಡೆಯಬೇಕು. ಕೇಂದ್ರದವರನ್ನು ಕೇಳಿಕೊಂಡೆವು. ರೂಲ್ಸ್ ಎಲ್ಲರಿಗೂ ಒಂದೇ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹುದ್ದೆ ಬೇರೆಯವರಿಗೆ ಹೋಯಿತು.

ಮೊನ್ನೆ ಬೆಳಿಗ್ಗೆ ಕಾವ್ಯ ಗಾರ್ಮೆಂಟ್ಸ್ ವ್ಯಾನಿಗೆ ಕಾಯುತ್ತಿದ್ದಳು. ನಾನೂ ಜೊತೆಗೆ ನಿಂತಿದ್ದೆ. ನನ್ನ ಮುಖ ನೋಡದೆ, "ಅಣ್ಣ, ಅವತ್ತು ಐದೇ ಅದೆ ಅಂದ್ನಲ್ಲ, ನಿಂಗೂ ಡೌಟ್ ಬಂದಿತ್ತಾ?" ಎಂದು ಕೇಳಿದಳು.

ಬಂದಿತ್ತು. ಆದರೆ ಆಗಲೇ ವಾದ ಶುರು ಮಾಡಿಬಿಟ್ಟಿದ್ದೆನಲ್ಲ?