ಮಾತು ಸಾಲ ಕೊಡದ ಮುತ್ಯಾಬಾ

ನಮ್ಮ ಮಸಾಕಾ ಕಡೆ ಗಂಡಿನವರು ಉಡುಗೊರೆ ಹೊತ್ತು ಹೆಣ್ಣಿನ ಮನೆಗೆ ಬರುವ ದಿನ ಹೆತ್ತವರು ಬಾಯಿ ಬಿಡುವಂತಿಲ್ಲ. ಎರಡೂ ಕಡೆಗೆ ಒಬ್ಬೊಬ್ಬ ಮಾತುಗಾರ ಇರುತ್ತಾನೆ. ಕಾಲೆಳೆಯುವುದು, ಬಿಂಕ ಮಾಡುವುದು, ಕೊನೆಗೆ ಒಪ್ಪಿಕೊಳ್ಳುವುದು ಎಲ್ಲ ಅವನದೇ ಕೆಲಸ. ನಾನು ಇಂಥ ಸಮಾರಂಭಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವನು. ಹಿಂದೆ ನಿಂತು ಎಷ್ಟೋ ಮಾತುಗಾರರನ್ನು ಕೇಳಿದ್ದೇನೆ. ಮುತ್ಯಾಬಾ ಅವರಿಗೆ ಸಾಟಿಯಾದವರನ್ನು ಕಾಣೆ. ಅವಳಿ ಹೆಣ್ಣುಮಕ್ಕಳ ತಂದೆಯಾದ್ದರಿಂದ ಊರಿಗೆಲ್ಲ ಅವರು 'ಸಾಲೊಂಗೊ'.

ನಲುಮಾನ್ಸಿ ಎಂಬ ಹುಡುಗಿ ಅವರ ಕಣ್ಣಿಗೆ ಬಿದ್ದದ್ದು ನ್ಯೆಂಡೊ ಸಂತೆಯಲ್ಲಿ. ಅವಳು ಬಾಳೆಗೊನೆ ಮಾರುತ್ತಿದ್ದಳು. ಗಿರಾಕಿಯೊಬ್ಬ ಗೊನೆ ಸಣ್ಣದು ಎಂದು ಮೂಗು ಮುರಿದ. "ಗೊನೆ ಸರಿಯಾಗೇ ಇದೆ ಅಣ್ಣಾ, ನಿನ್ನ ಸೈಕಲ್ಲೇ ದೊಡ್ಡದಾಯ್ತು" ಅಂದಳು. ಅವನು ನಗುತ್ತಲೇ ಗೊನೆ ಕಟ್ಟಿಕೊಂಡು ಹೋದ. ಹಿಂದೆ ನಿಂತಿದ್ದ ಮುತ್ಯಾಬಾ ಕೇಳಿದರು:

"ಏನಮ್ಮಾ, ಈ ಬಾಯಲ್ಲಿ ಮದುವೆ ಕುದುರಿಸ್ತೀಯಾ?"

"ಯಾಕಾಗಲ್ಲ ಸಾಲೊಂಗೊ? ಗೊನೆ ಹೊತ್ತವಳಿಗೆ ಮದುಮಗ ಏನು ಭಾರ?"

ಅಂದಿನಿಂದ ಅವಳು ಶಿಷ್ಯೆ. ಆದರೆ ಪಾಠ ಅಂತ ಒಂದೂ ಇಲ್ಲ. ಸಮಾರಂಭಕ್ಕೆ ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂರಿಸುವರು. ನಗುವವರನ್ನು ಬಿಡು, ನಗದೆ ಕೂತವರ ಮುಖ ನೋಡು ಎನ್ನುವರು. ನನ್ನ ಪಿಕಪ್ಪಿನಲ್ಲಿ ಮರಳುವಾಗ, ಇಂಥ ಕಡೆ ನೀನಾಗಿದ್ದರೆ ಏನನ್ನುತ್ತಿದ್ದೆ ಎಂದು ಕೇಳುವರು. ಅವಳು ಹೇಳಿದ್ದನ್ನು ಸರಿ ಎನ್ನರು, ತಪ್ಪು ಎನ್ನರು; ಕಬ್ಬು ಜಗಿಯುತ್ತ ಕೂರುವರು. ಕೇಳಿ ಕೇಳಿ ನನಗೇ ತಲೆಕೆಟ್ಟು, ನಿಮ್ಮ ನಾಲ್ಕು ಮಾತಾದರೂ ಹೇಳಿಕೊಡಬಾರದೇ ಎಂದೆ.

"ನನ್ನ ಅಂಗಿ ಅವಳಿಗೆ ಹಾಕಿದ್ರೆ ಮೊಣಕಾಲಿಗೆ ಬರುತ್ತೆ ಕಣಯ್ಯಾ. ಅವಳದು ಅವಳೇ ಹೊಲ್ಕೊಳ್ಳಲಿ" ಅಂದರು.

ಅವಳು ಹೊಲಿದುಕೊಳ್ಳಲಿಲ್ಲ, ಕದ್ದಳು. ಗುರುವಿನ ಕೋಳಿಯ ಕಥೆ, ಮುದುಕಿಯ ಹಲ್ಲಿನ ಚಟಾಕಿ, ಕೊನೆಗೆ ಮಾತಿಗೆ ಮುಂಚೆ ಕೆಮ್ಮುವ ಕೆಮ್ಮನ್ನೂ ಬಾಯಿಪಾಠ ಮಾಡಿದಳು. ಕಲುಂಗುವಿನಲ್ಲಿ ಅವಳ ಮೊದಲ ಸಮಾರಂಭ. ಅವಳು ಗಂಡಿನ ಕಡೆ, ಹೆಣ್ಣಿನ ಕಡೆಗೆ ಖುದ್ದು ಮುತ್ಯಾಬಾ. ಮೊದಲ ಮಾತು ಹೆಣ್ಣಿನವರದು. ಮುತ್ಯಾಬಾ ಎದ್ದವರೇ ಕೋಳಿ, ಹಲ್ಲು, ಕೆಮ್ಮು ಎಲ್ಲವನ್ನೂ ಒಂದೊಂದಾಗಿ ಹೇಳಿ ಮುಗಿಸಿದರು. ಜನ ಬಿದ್ದು ಬಿದ್ದು ನಕ್ಕರು. ಒಂದೊಂದು ಮಾತು ಮುಗಿದಾಗಲೂ ನಲುಮಾನ್ಸಿಯ ಮುಖ ಇನ್ನಷ್ಟು ಇಳಿಯುತ್ತಿತ್ತು.

ಅವಳ ಸರದಿ ಬಂತು. ಎದ್ದಳು, ಸುತ್ತ ನೋಡಿದಳು. ಹೆಣ್ಣಿನ ಸೋದರತ್ತೆಯರು ಮದುಮಗನ ಸುತ್ತ ಸುತ್ತಿ ಅವನ ತೋಳು ಮುಟ್ಟಿ ನೋಡುತ್ತಿದ್ದರು. ಅದನ್ನು ಕಂಡದ್ದೇ ಅವಳ ಬಾಯಿಂದ ಸಂತೆಯ ದನಿ ಹೊರಟಿತು. "ಅಕ್ಕಂದಿರಾ, ಕಣ್ಣಲ್ಲಿ ನೋಡಿ, ಒತ್ತಿ ನೋಡಬೇಡಿ. ನೀವು ಒತ್ತಿಟ್ಟ ಕಾಯನ್ನ ನಾನು ಯಾರಿಗೆ ಮಾರಲಿ?"

ಅತ್ತೆಯರು ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ.

ಮರಳುವಾಗ ಅರ್ಧ ದಾರಿ ಮುಖ ಊದಿಸಿಕೊಂಡಿದ್ದು, ಕೊನೆಗೆ ಕೇಳಿದಳು: "ನನ್ನ ಮಾತೆಲ್ಲ ನೀವೇ ಯಾಕೆ ಆಡಿಬಿಟ್ರಿ?"

"ನಿನ್ನವಾ? ನಿನ್ನ ಮಾತು ನಾನು ಕೇಳಿದ್ದು ಆ ಕಾಯಿ ಒತ್ತೋದರಿಂದ ಮುಂದಕ್ಕೆ. ಬಹಳ ಚೆನ್ನಾಗಿತ್ತು."

ಅಲ್ಲಿಂದ ಮುಂದೆ ತಮ್ಮನ್ನು ಕರೆಯಲು ಬಂದವರಿಗೆ ಅವಳ ಹೆಸರು ಹೇಳತೊಡಗಿದರು. ಒಬ್ಬ ಕಾಫಿ ವ್ಯಾಪಾರಿ, ನಾನು ಕೇಳಿದ್ದು ನಿಮ್ಮನ್ನು ಎಂದು ಸಿಟ್ಟಾದ. ನಿಮ್ಮ ಬೀಗಿತ್ತಿ ವಾರವಾರ ಗೊನೆ ಒಯ್ಯುವುದು ಇವಳ ಹತ್ತಿರ, ಆಕೆ ಯಾವುದಕ್ಕೆ ನಗುತ್ತಾಳೆಂದು ಇವಳಿಗೆ ಗೊತ್ತು, ನನಗೆ ಗೊತ್ತಿಲ್ಲ ಎಂದು ಸಾಗಹಾಕಿದರು. ಹೀಗೇ ಆದರೆ ನಮ್ಮನ್ನು ಯಾರು ಕರೆಯುತ್ತಾರೆ ಎಂದು ಹೆಂಡತಿ ಗೊಣಗಿದರೆ, ಊಟಕ್ಕಂತೂ ಕರೆಯುತ್ತಾರಲ್ಲ ಎನ್ನುವರು.

ಅವಳಿಗಳಲ್ಲಿ ಹಿರಿಯಳು ಬಬಿರ್ಯೆಗೆ ಗಂಡು ಗೊತ್ತಾಯಿತು. ಈಗ ಮುತ್ಯಾಬಾ ಹೆಣ್ಣಿನ ತಂದೆ, ತುಟಿ ಬಿಚ್ಚುವಂತಿಲ್ಲ. ತಮ್ಮ ಮನೆಯ ಮಾತನ್ನು ನಲುಮಾನ್ಸಿಗೇ ವಹಿಸಿದರು. ಎಲ್ಲ ಸಲೀಸಾಗಿ ಸಾಗಿತ್ತು. ಬೀಗರನ್ನು ಹೊಗಳುವ ಉತ್ಸಾಹದಲ್ಲಿ ಅವಳು ಅವರ ಕುಲವನ್ನೇ ತಪ್ಪು ಹೇಳಿದಳು. ನಮ್ಮ ಕುಲಗಳಿಗೆಲ್ಲ ಪ್ರಾಣಿಗಳದೇ ಹೆಸರು. ಅವರು ನೀರುನಾಯಿ ಕುಲದವರು, ಇವಳು ಮೀನಿನ ಕುಲ ಅಂದುಬಿಟ್ಟಳು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಎಲ್ಲರ ಕಣ್ಣೂ ಮುತ್ಯಾಬಾ ಕಡೆ ತಿರುಗಿತು. ಅವರು ಕೈ ಕಟ್ಟಿಕೊಂಡು ಅವಳನ್ನೇ ನೋಡುತ್ತ ಕೂತರು.

ನಲುಮಾನ್ಸಿ ಬೀಗರ ಮುಂದೆ ಮೊಣಕಾಲೂರಿದಳು. "ತಪ್ಪಾಯ್ತು ಹಿರಿಯರೇ. ನೀರುನಾಯಿ ಇಷ್ಟು ದೂರ ಬರಿಹೊಟ್ಟೇಲಿ ಬರುತ್ಯೆ? ದಾರೀಲಿ ಮೀನು ತಿಂದೇ ಬಂದಿರುತ್ತೆ. ನಾನು ಹೊಟ್ಟೆಯೊಳಗಿರೋರಿಗೆ ಮೊದಲು ನಮಸ್ಕಾರ ಹೇಳಿದೆ."

ಗಂಡಿನ ಅಜ್ಜ ಊರುಗೋಲಿನಿಂದ ನೆಲ ಕುಟ್ಟಿ ನಕ್ಕ. ಆತ ನಕ್ಕ ಮೇಲೆ ಉಳಿದವರದೇನು?

ಊಟದ ಹೊತ್ತಿಗೆ ಮುತ್ಯಾಬಾ ಅವಳ ಪಕ್ಕ ಬಂದು ಕೂತರು. "ನಾನಾಗಿದ್ರೆ ಕ್ಷಮೆ ಕೇಳಿ ಕೂತುಬಿಡ್ತಿದ್ದೆ ಕಣಮ್ಮಾ" ಅಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಅತ್ತಳು.

ಈಗ ನಲುಮಾನ್ಸಿ ಶನಿವಾರ ಅಂಗಡಿ ತೆರೆಯುವುದಿಲ್ಲ, ಸಮಾರಂಭಗಳಿಂದ ಪುರುಸೊತ್ತಿಲ್ಲ. ಮುತ್ಯಾಬಾ ಹೊಸ ಶಿಷ್ಯನನ್ನು ಹಿಡಿದಿದ್ದಾರೆ, ನಿವೃತ್ತ ಪೊಲೀಸಿನವನು. ಬೀಗರನ್ನು ಕಂಡ ಕೂಡಲೇ ಸಾಲಾಗಿ ನಿಲ್ಲಿ ಎನ್ನುವುದನ್ನು ಅವನಿನ್ನೂ ಬಿಟ್ಟಿಲ್ಲ. ಅವನ ದನಿಯಲ್ಲೇ ಒಂದು ನಗು ಅಡಗಿದೆ, ಹೊರಗೆ ಬರಲಿ, ಕಾಯೋಣ ಎನ್ನುತ್ತಾರೆ ಸಾಲೊಂಗೊ.