ಚಷ್ಮಾ ಒರೆಸುವಷ್ಟು ಹೊತ್ತು

ಸಿದ್ರಾಮಪ್ಪ ಕಾಕಾ ಸಭೆಯಲ್ಲಿ ತಮ್ಮ ಮಾತು ಮುಗಿದ ಕೂಡಲೇ ಚಷ್ಮಾ ತೆಗೆಯುತ್ತಿದ್ದರು. "ಇದಕ್ಕ ಬ್ಯಾಡ ಅನ್ನಾವ್ರು ಯಾರರೇ ಅದೀರೇನ್ರಿ?" ಎಂದು ಕೇಳಿ, ಧೋತರದ ಚುಂಗಿನಿಂದ ಮೊದಲು ಎಡಗಡೆಯ ಗಾಜು, ಆಮೇಲೆ ಬಲಗಡೆಯದು, ಅವಸರವಿಲ್ಲದೆ ಒರೆಸುತ್ತಿದ್ದರು. ಒರೆಸಿ ಮುಗಿಯುವ ತನಕ ಯಾರು ಬೇಕಾದರೂ ಎದ್ದು ಬೇಡ ಎನ್ನಬಹುದು. ಚಷ್ಮಾ ಮತ್ತೆ ಮೂಗಿನ ಮೇಲೆ ಕೂತಿತೆಂದರೆ ಠರಾವು ಪಾಸು. ಅದಿಲ್ಲದೆ ಅವರಿಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಹೀಗೇಕೆಂದು ಒಮ್ಮೆ ನಾನು ಕೇಳಿದ್ದಕ್ಕೆ, "ಯಾರು ಎದ್ದಾರಂತ ಕಂಡ್ರ ಸಿಟ್ಟು ಮನಸಿನ್ಯಾಗ ಉಳೀತದ ಬೇ. ಕಾಣದಿದ್ರ ಬರೇ ಮಾತು ಉಳೀತದ," ಎಂದಿದ್ದರು.

ನಾನು ಇದನ್ನು ನಾಟಕ ಎಂದುಕೊಂಡಿದ್ದೆ. ಕಲಬುರಗಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ನಾಲ್ಕು ನಿಮಿಷ ಎಂದರೆ ನಾಲ್ಕೇ ನಿಮಿಷ. 'ರಾಜಕಾರಣಿಯ ಸುಧಾರಣೆ ಮೊದಲು ಮುಟ್ಟುವುದು ಅವನ ಮನೆಯ ಗಿಲಾವಿಗೆ' ಎಂಬುದು ನನ್ನ ಖಾಯಂ ಸಾಲು, ಚಪ್ಪಾಳೆ ಬೀಳುತ್ತಿತ್ತು. ಆದರೆ ಕಾಕಾನ ಮನೆ ನಮ್ಮ ಮನೆಯ ಪಕ್ಕದ್ದೇ. ಎರಡು ಸಲ ಜಿಲ್ಲಾ ಪಂಚಾಯ್ತಿಗೆ ಆರಿಸಿ ಬಂದಮೇಲೂ ಅದರ ಮುಂದಿನ ಗೋಡೆಗೆ ಗಿಲಾವು ಬಿದ್ದಿರಲಿಲ್ಲ. ಅವರಿಗಾಗಿ ನಾನು ಬೇರೆ ಸಾಲು ಹುಡುಕಬೇಕಾಯಿತು.

ಅದು ಸಿಕ್ಕಿದ್ದು ಗ್ರಾಮಸಭೆಯಲ್ಲಿ. ಜೇವರ್ಗಿ ತಾಲ್ಲೂಕಿನ ನಮ್ಮೂರಲ್ಲಿ ಸತ್ತವರಿಗೂ ಬೇರೆ ಬೇರೆ ಓಣಿ. ಲಿಂಗಾಯತರನ್ನು ಅವರವರ ಹೊಲದಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಕೇರಿಯ ದಲಿತರಿಗೆ ಇದ್ದದ್ದು ಹಳ್ಳದ ದಂಡೆ. ಹಳ್ಳ ತುಂಬಿ ಬಂದ ವರ್ಷ ಎಲುಬು ತೇಲುತ್ತಿದ್ದವು. ದನ ಮೇಯುವ ಗಾಯರಾಣದ ಸರ್ಕಾರಿ ಜಾಗದಲ್ಲಿ ಎಲ್ಲ ಜಾತಿಗೂ ಒಂದೇ ಸ್ಮಶಾನ ಆಗಬೇಕೆಂದು ಕಾಕಾ ಠರಾವು ತಂದರು. ಕೇರಿಯ ದ್ಯಾವಪ್ಪ, ಆಗ ಪಂಚಾಯ್ತಿ ಮೆಂಬರು, ಅನುಮೋದಿಸಿದ. ಕಾಕಾ ಚಷ್ಮಾ ತೆಗೆದರು. ನಾನು ಎದ್ದೆ.

"ಕಾಕಾ, ಸತ್ತ ಮ್ಯಾಲ ಸಮಾನತೆ ಕೊಡೂದು ಸಸ್ತಾ ಕೆಲಸರಿ. ಹೆಣ ಏನು ಮಡಿ-ಮೈಲಿಗಿ ನೋಡ್ತದೇನು? ಮೊದಲ ಬಸ್ ಸ್ಟ್ಯಾಂಡಿನ ಹೋಟೆಲಿನ್ಯಾಗ ಕೇರಿಯವರ ಗ್ಲಾಸು ಹೊರಗ ಯಾಕ ಅದ, ಅದನ್ನ ಹೇಳ್ರಿ."

"ಏ, ಕುಂದರ ಬೇ ಸಾಕು!" ಹಿಂದಿನಿಂದ ಯಾರೋ ಕೂಗಿದರು.

ಕಾಕಾ ಒರೆಸುವುದು ನಿಲ್ಲಿಸಲಿಲ್ಲ. "ಬರ್ಕೋರಿ, ವಿರೋಧ ಒಂದು. ಮಾತು ಖರೇ ಅದ. ಖರೇ ಇದ್ರೂ ಸ್ಮಶಾನ ಬೇಕು. ಎರಡೂ ಮಾಡೂಣು."

ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋದ ಕಾಕಾ ಒಳಗೆ ಕೂರಲಿಲ್ಲ. ಹೊರಗಿನ ಗೂಡಿನಲ್ಲಿ ಬೋರಲು ಹಾಕಿದ್ದ ಗ್ಲಾಸು ತಾವೇ ತೊಳೆದುಕೊಂಡು ಮುಂದೆ ಹಿಡಿದರು.

ಹೋಟೆಲಿನ ಬಾಬುರಾವ ಗಾಬರಿಯಾದ. "ಕಾಕಾ, ನನ್ನ ಮಾನ ಕಳೀಬ್ಯಾಡ್ರಿ. ಒಳಗ ಬರ್ರಿ."

"ನಿನ್ನ ಮಾನ ಈ ಗ್ಲಾಸಿನ್ಯಾಗ ಅದ ಏನಲೇ? ಹಾಕು, ಇದರಾಗೇ ಚಾ ಹಾಕು."

ಭಾಷಣವಿಲ್ಲ, ಧರಣಿಯಿಲ್ಲ. ದಿನಾ ಎರಡು ಹೊತ್ತು, ಬಿಸಿಲಲ್ಲಿ ನಿಂತು, ಅದೇ ಗ್ಲಾಸು. ಊರಿಗೆ ಬಂದ ಅಧಿಕಾರಿಗಳನ್ನೂ ಅಲ್ಲಿಯೇ ನಿಲ್ಲಿಸಿ ಕುಡಿಸುತ್ತಿದ್ದರು. ಕೊನೆಗೆ ಬಾಬುರಾವ ಎಲ್ಲ ಗ್ಲಾಸುಗಳನ್ನೂ ಚೀಲಕ್ಕೆ ತುಂಬಿ ಪೇಪರ್ ಕಪ್ಪು ತಂದ.

"ಗೆದ್ದದ್ದು ನೀವಲ್ಲ ಕಾಕಾ, ಪೇಪರ್ ಕಪ್ಪು," ಎಂದೆ.

"ಯಾರರೇ ಗೆಲ್ಲಲಿ ಬೇ ವಕೀಲ್ತಿ. ಚಾ ಒಂದೇ ಆತಲ್ಲ."

ಇಂಥ ಮನುಷ್ಯ ರಾಜಕೀಯದಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟೇ ದೂರ ಕಾಕಾ ಹೋದರು. ಪಾರ್ಟಿಯವರು ಆಳಂದ, ಅಫಜಲಪುರದ ಕಡೆ ಪ್ರಚಾರಕ್ಕೆ ಜೀಪು ಕೊಟ್ಟು ಕಳಿಸುತ್ತಿದ್ದರು, ಮಾತು ಚೆನ್ನಾಗಿ ಆಡುತ್ತಾರೆಂದು. ಅತನೂರಿನ ಪ್ರಚಾರ ಸಭೆಯಲ್ಲಿ ಅಭ್ಯರ್ಥಿಯನ್ನು ಹೊಗಳಿ ಮುಗಿಸಿದವರು ಅಭ್ಯಾಸದಂತೆ ಚಷ್ಮಾ ತೆಗೆದು, "ಇವ್ರು ಬ್ಯಾಡ ಅನ್ನಾವ್ರು ಯಾರರೇ ಅದೀರೇನ್ರಿ?" ಎಂದುಬಿಟ್ಟರು. ರುಮಾಲು ಸುತ್ತಿದ ಒಬ್ಬ ಮುದುಕ ಎದ್ದು ಅರ್ಧ ತಾಸು ಬೇಡ ಎಂದ. ಕಾಕಾ ಅರ್ಧ ತಾಸೂ ಗಾಜು ಒರೆಸಿದರು. ಅಭ್ಯರ್ಥಿ ವೇದಿಕೆಯ ಮೇಲೆ ಬೆವರು ಒರೆಸಿಕೊಂಡ. ಮುಂದಿನ ಸಲ ಜೀಪೂ ಇಲ್ಲ, ಟಿಕೀಟೂ ಇಲ್ಲ. ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಅವರ ರಾಜಕೀಯ ಅಲ್ಲಿಗೆ ಮುಗಿಯಿತು. ಉಳಿದದ್ದು ಆ ಸ್ಮಶಾನ.

ಅದೂ ಉಳಿಯಿತು ಎನ್ನುವುದು ಹೇಗೆ? ಸುತ್ತಲೂ ತಂತಿ ಬೇಲಿ ಬಂತು, ಬೋರು ಬಂತು. ಹೆಣ ಬಂದದ್ದು ಕೇರಿಯಿಂದ ಮಾತ್ರ. ಎರಡೇ ವರ್ಷದಲ್ಲಿ ಊರವರು ಅದನ್ನು 'ಕೇರಿ ಸ್ಮಶಾನ' ಎನ್ನತೊಡಗಿದರು. ಆಮೇಲೆ ಕಾಕಾನ ಹೆಂಡತಿ, ಕಾಕು, ತೀರಿಹೋದರು. ಅವರನ್ನೂ ಹೊಲದಲ್ಲಿಯೇ ಮಣ್ಣು ಮಾಡಿದರು. ನಾನು ಒಂದು ತಿಂಗಳು ತಡೆದುಕೊಂಡೆ. ಬಳಿಕ ಅವರ ಕಟ್ಟೆಯ ಮೇಲೆಯೇ ಕೂತು ಕೇಳಿದೆ.

"ಕಾಕೂನ್ನ ಯಾಕ ಅಲ್ಲಿಗೆ ಒಯ್ಯಲಿಲ್ಲರಿ? ಊರಿಗೆಲ್ಲ ಹೇಳಿದವ್ರು ನೀವು."

ಅವರು ಚಷ್ಮಾ ತೆಗೆದರು. ಬಹಳ ಹೊತ್ತು ಒರೆಸಿದರು.

"ಅಕೀ ಅಣ್ಣ-ತಮ್ಮಂದಿರು ಬೆಳಿಗ್ಗೇನೇ ಕುಣಿ ತೋಡಿ ಬಿಟ್ಟಿದ್ರು. ಬ್ಯಾಡ ಅನ್ನಬೇಕಂದೆ. ಬಾಯಿ ಬರಲಿಲ್ಲ. ಹೆಣದ ಮುಂದ ಬಾಯಿ ಬರೂದಿಲ್ಲ ಬೇ, ಅದು ನಿನಗ ತಿಳೀದಿಲ್ಲ."

"ಇದು ವಾದ ಅಲ್ಲರಿ ಕಾಕಾ, ನೆಪ."

"ನೆಪಾನೇ. ಅದಕ್ಕ ಹೇಳಾಕತ್ತೇನಿ, ಕೇಳು. ಸತ್ತ ಮ್ಯಾಲ ನಾ ಹೋಗಿ ಅಲ್ಲಿ ಕುಂತ್ರ ನಮ್ಮವರು ಹಿಂದಿಂದ ಬರ್ತಾರ. ಮಗನಿಗೆ ಹೇಳೀನಿ, ಹೂಂ ಅಂದಾನ. ಅಂವನ ಹೂಂ ನನಗ ಗೊತ್ತದ. ಆವತ್ತು ಹೊಲಕ್ಕ ಒಯ್ಯಾಕ ಹತ್ತಿದ್ರ ನೀ ಎದ್ದು ಬ್ಯಾಡ ಅನ್ನಬೇಕು. ನಿನಗ ಬಾಯಿ ಅದ."

"ಬರದು ಕೊಡ್ರಿ."

"ಬರದ್ರ ಅದು ಕಾಗದ. ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತಾರ. ಬಾಯಿಗೆ ಯಾರು ಕೀಲಿ ಹಾಕ್ತಾರ?"

ನಾನು ನಕ್ಕೆ. ಆಯಿತು ಎಂದೆ. ಒಪ್ಪಿಕೊಳ್ಳುವುದು ಸುಲಭವಿತ್ತು, ಅವರು ಎದುರಿಗೆ ಕೂತಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಕಲಬುರಗಿಯಲ್ಲಿದ್ದೆ. ನೆಲೋಗಿಯ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತು ಆಡಬೇಕಾದ ಮಾತನ್ನು ಜೋಡಿಸಿಕೊಂಡೆ. ಒಂದು, ಸತ್ತವರ ಇಚ್ಛೆ. ಎರಡು, ಗ್ರಾಮಸಭೆಯ ಠರಾವು. ಮೂರು, ಅವರು ಬದುಕಿಡೀ ಹೇಳಿದ ಮಾತಿಗೆ ಅವರ ಹೆಣವೇ ಸುಳ್ಳು ಹೇಳಬಾರದು. ಮೂರನೆಯದು ಒಳ್ಳೆಯ ಸಾಲು ಎಂದು ಅನಿಸಿತು. ಅದನ್ನು ಕೊನೆಗೆ ಇಟ್ಟುಕೊಂಡೆ.

ನಾನು ಮುಟ್ಟುವ ಹೊತ್ತಿಗೆ ಕಾಕಾನನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. "ಚಷ್ಮಾ ಹಾಕ್ರಿ, ಇಲ್ಲಾಂದ್ರ ಕಾಕಾ ಅಂತ ಗುರ್ತೇ ಸಿಗಾಂಗಿಲ್ಲ," ಎಂದು ಯಾರೋ ಅಂದಿದ್ದರಂತೆ, ಅದನ್ನೂ ಹಾಕಿದ್ದರು. ಭಜನೆ ನಡೆದಿತ್ತು. ಮಣ್ಣಿಗೆ ಬಂದವರಲ್ಲಿ ಅವರಿಗೆ ಟಿಕೀಟು ಕೊಡದವರೂ ಇದ್ದರು.

ಮೆರವಣಿಗೆ ಗಾಯರಾಣದ ದಾರಿ ಬಿಟ್ಟು ಹೊಲದ ದಾರಿ ಹಿಡಿಯಿತು. ನಾನು ಹಿಂದೆ ನಡೆದೆ. ಕುಣಿ ಮುಟ್ಟಲಿ, ಅಲ್ಲಿ ಹೇಳಿದರಾಯಿತು ಎಂದುಕೊಂಡೆ.

ಕಾಕೂನ ಸಮಾಧಿಯ ಪಕ್ಕ ಕುಣಿ ತಯಾರಿತ್ತು. ಕಾಕಾನನ್ನು ಕೆಳಗಿಳಿಸುವ ಮೊದಲು ಮಗ ಬಸವರಾಜ ಮುಂದೆ ಬಂದು ಅವರ ಚಷ್ಮಾ ತೆಗೆದ. ಗಾಜಿನ ಮೇಲೆ ವಿಭೂತಿ ಕೂತಿತ್ತು. ಅವನು ಅಂಗಿಯ ಚುಂಗಿನಿಂದ ಎಡಗಡೆಯ ಗಾಜು ಒರೆಸಿದ. ಭಜನೆಯವರು ತಾಳ ನಿಲ್ಲಿಸಿದ್ದರು. ಬಲಗಡೆಯ ಗಾಜು ಒರೆಸುತ್ತ ತಲೆ ಎತ್ತಿ ನನ್ನ ಕಡೆ ನೋಡಿದ. ಕಾಕಾ ನನಗೆ ಹೇಳಿಟ್ಟದ್ದು ಅವನಿಗೆ ಗೊತ್ತಿತ್ತು. ನಾನು ಏನಾದರೂ ಅಂದರೆ ಅವನು ಸಿಟ್ಟಾಗುತ್ತಿದ್ದನೋ, ಹಗುರಾಗುತ್ತಿದ್ದನೋ, ಇವತ್ತಿಗೂ ನನಗೆ ತಿಳಿಯದು. ಮೂರೂ ಮಾತು ಸಾಲಾಗಿ ನೆನಪಿದ್ದವು. ಅಳು ಬಂದಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅವನು ಒರೆಸಿ ಮುಗಿಸಿದ. ಚಷ್ಮಾ ಮಡಿಚಿ ಜೇಬಿನಲ್ಲಿ ಇಟ್ಟುಕೊಂಡ. ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ವಾಪಸು ಬರುವಾಗ ಗಾಯರಾಣದ ಕಡೆಯಿಂದ ಬಂದೆ. ತಂತಿ ಬೇಲಿಯ ಒಳಗೆ ದ್ಯಾವಪ್ಪ ಒಬ್ಬನೇ ಕೂತಿದ್ದ. ಅವನ ಮುಂದೆ ಹೊಸ ಕುಣಿ. ಕೇರಿಯವರು ಮಲಗಿಸಿ ಹೂಳುತ್ತಾರೆ. ಅವರ ಕುಣಿ ಉದ್ದ. ಇದು ಚೌಕ, ಕೂತ ಮನುಷ್ಯನಿಗೆ ಬೇಕಾದಷ್ಟು ಆಳ. ಲಿಂಗಾಯತರದು ಹೇಗಿರುತ್ತದೆಂದು ಯಾರನ್ನೋ ಕೇಳಿ, ಒಳಗೋಡೆಯಲ್ಲಿ ಗೂಡು ಬೇರೆ ಕೊರೆದಿದ್ದ.

"ಕಾಕಾ ಇಲ್ಲೇ ಬರ್ತೇನಿ ಅಂದಿದ್ರು," ಎಂದ. "ಬರಲಿಲ್ಲೇನ್ ತಂಗಿ?"

"ಹೊಲದಾಗ ಆತು."

"ಯಾರೂ ಬ್ಯಾಡ ಅನಲಿಲ್ಲ?"

"ಅನಲಿಲ್ಲ."

"ನೀ ಇದ್ದೆಲ್ಲ ಅಲ್ಲಿ?"

"ಇದ್ದೆ."

ಅವನು ಮೇಲೆದ್ದ. "ತೋಡಿದ ಕುಣಿ ಖಾಲಿ ಬಿಡಬಾರ್ದು," ಎಂದು ತನಗೆ ತಾನೇ ಅಂದುಕೊಂಡು, ಒಂದು ಕಲ್ಲು ಉರುಳಿಸಿ ಒಳಗೆ ಕೆಡವಿದ. ಸಲಿಕೆಯಿಂದ ಮಣ್ಣು ಎಳೆಯತೊಡಗಿದ. ಕುಣಿ ನೆಲಕ್ಕೆ ಸಮವಾಗುವ ತನಕ ನಾನು ನಿಂತೇ ಇದ್ದೆ. ಇನ್ನೊಂದು ಸಲಿಕೆ ನನ್ನ ಕಾಲ ಹತ್ತಿರವೇ ಬಿದ್ದಿತ್ತು. ಅದನ್ನೂ ನಾನು ಎತ್ತಿಕೊಳ್ಳಲಿಲ್ಲ.